ಡೇರೆಯಿಂದ ವ್ಯಾನಿಗೆ

ಇಪ್ಪತ್ತು ವರ್ಷ ವರದಿಗಾರಿಕೆ ಮಾಡಿದ ಮೇಲೂ ನನ್ನಲ್ಲಿ ಹೊಟ್ಟೆಕಿಚ್ಚು ಹುಟ್ಟಿಸುವ ಪತ್ರಕರ್ತರು ಕೆಲವರಿದ್ದಾರೆ; ಅಮೆರಿಕದ ಜೆಸ್ಸಿಕಾ ಬ್ರೂಡರ್ ಅವರಲ್ಲಿ ಮೊದಲಿನವರು. 2008ರ ಆರ್ಥಿಕ ಕುಸಿತದ ನಂತರ ಮನೆ ಬಾಡಿಗೆ ಕೊಡಲಾಗದೆ, ವ್ಯಾನು, ಟ್ರೇಲರುಗಳಲ್ಲೇ ಸಂಸಾರ ಹೂಡಿ, ಹಂಗಾಮಿ ಕೂಲಿ ಅರಸಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಅಲೆಯುವ ವೃದ್ಧರ ಬಗ್ಗೆ ಅವರು 2014ರಲ್ಲಿ ಹಾರ್ಪರ್ಸ್ ಪತ್ರಿಕೆಗೆ ದೀರ್ಘ ಲೇಖನವೊಂದನ್ನು ಬರೆದರು. ಮೆಚ್ಚುಗೆಯೂ ಬಂತು. ನಮ್ಮಲ್ಲಿ ಬಹುತೇಕರು ಅಲ್ಲಿಗೆ ಕಡತ ಮುಚ್ಚಿ ಮುಂದಿನ ಸುದ್ದಿಗೆ ಹೊರಡುತ್ತೇವೆ. ಬ್ರೂಡರ್ ಮರಳಿ ಅದೇ ಜನರ ಬಳಿಗೆ ಹೋದರು.

ಚಳಿಗಾಲದಲ್ಲಿ ಈ ಅಲೆಮಾರಿಗಳು ಸೇರುವುದು ಅರಿಜೋನಾದ ಕ್ವಾರ್ಟ್ಜ್‌ಸೈಟ್ ಬಳಿಯ ಮರುಭೂಮಿಯಲ್ಲಿ. ಮೊದಲು ಡೇರೆ ಹಾಕಿಕೊಂಡು ಅವರ ನಡುವೆ ಇದ್ದ ಬ್ರೂಡರ್, ಮುಂದೆ ಹಳೆಯ ಜಿಎಂಸಿ ವ್ಯಾನೊಂದನ್ನೇ ಕೊಂಡು, ‘ವ್ಯಾನ್ ಹೇಲನ್’ ಎಂಬ ರಾಕ್ ತಂಡದ ಹೆಸರಿನ ಮೇಲೆ ಶ್ಲೇಷೆ ಮಾಡಿ ಅದಕ್ಕೆ ‘ಹೇಲನ್’ ಎಂದು ಹೆಸರಿಟ್ಟರು. ಹಗಲು ಹೊರಗೆ ಕುರ್ಚಿ ಹಾಕಿಕೊಂಡು ಹರಟುವ ಜನರನ್ನು ಯಾವ ವರದಿಗಾರನೂ ಮಾತನಾಡಿಸಬಹುದು. ಆದರೆ ಒಂದೆರಡು ಮಾರು ಜಾಗದಲ್ಲಿ ಒಲೆ, ಹಾಸಿಗೆ, ಶೌಚದ ಬಕೆಟ್ಟು ಎಲ್ಲವನ್ನೂ ಹೊಂದಿಸಿಕೊಳ್ಳುವ ಕಷ್ಟವಾಗಲಿ, ಊರೊಳಗೆ ಗಾಡಿ ನಿಲ್ಲಿಸಿ ಮಲಗಿದಾಗ ಪೊಲೀಸರು ಬಂದು ಕಿಟಕಿ ತಟ್ಟಿಯಾರೆಂಬ ಅಳುಕಾಗಲಿ ತಾನೂ ಹಾಗೆ ಮಲಗಿದ ಹೊರತು ಬರಹಕ್ಕೆ ಇಳಿಯುವುದಿಲ್ಲ. ನಾರ್ತ್ ಡಕೋಟಾದ ಸಕ್ಕರೆ ಬೀಟ್ ಕಟಾವಿನಲ್ಲೂ ಟೆಕ್ಸಾಸ್‌ನ ಅಮೆಜಾನ್ ಗೋದಾಮಿನಲ್ಲೂ ಅವರು ಸ್ವತಃ ದುಡಿದರು. ಆ ಗೋದಾಮುಗಳಲ್ಲಿ ಅರವತ್ತು, ಎಪ್ಪತ್ತರ ವಯಸ್ಸಿನವರು ಕಾಂಕ್ರೀಟು ನೆಲದ ಮೇಲೆ ದಿನಕ್ಕೆ ಹತ್ತು ಮೈಲಿಗೂ ಮಿಕ್ಕಿ ನಡೆಯುತ್ತಿದ್ದರು. ಅವರಿಗಾಗಿ ನೋವಿನ ಮಾತ್ರೆಗಳು ಅಲ್ಲೇ ಪುಕ್ಕಟೆಯಾಗಿ ಸಿಗುತ್ತಿದ್ದವು. ಇಡೀ ವ್ಯವಸ್ಥೆಯ ಲೆಕ್ಕಾಚಾರ ಆ ಮಾತ್ರೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಮೂರು ವರ್ಷ, 15,000 ಮೈಲಿಗೂ ಹೆಚ್ಚಿನ ತಿರುಗಾಟ. 2017ರಲ್ಲಿ ‘ನೋಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕ ಹೊರಬಂತು. ಅದರ ಕೇಂದ್ರದಲ್ಲಿರುವ ಲಿಂಡಾ ಮೇ ಅರವತ್ತು ದಾಟಿದ ಅಜ್ಜಿ. ಪುಟ್ಟ ಟ್ರೇಲರಿನಲ್ಲಿ ವಾಸ, ಹಳೆಯ ಟೈರುಗಳಿಂದ ಸ್ವಂತ ಮನೆ ಕಟ್ಟುವ ಕನಸು. ಬ್ರೂಡರ್ ಆಕೆಯನ್ನು ಕನಿಕರದ ಬೊಂಬೆಯಾಗಿಸಲಿಲ್ಲ, ಸ್ವಾತಂತ್ರ್ಯದ ನಾಯಕಿಯಾಗಿಸಿ ಮೆರೆಸಲೂ ಇಲ್ಲ. ಈ ಪುಸ್ತಕವನ್ನು ಆಧರಿಸಿ ಕ್ಲೋಯಿ ಝಾವೋ ನಿರ್ದೇಶಿಸಿದ ಚಿತ್ರ 2021ರಲ್ಲಿ ಮೂರು ಆಸ್ಕರ್ ಗೆದ್ದಿತಾದರೂ, ಕೂಲಿಯ ಬಗೆಗಿನ ಪುಸ್ತಕದ ಸಿಟ್ಟು ಪರದೆಯ ಸೂರ್ಯಾಸ್ತಗಳಲ್ಲಿ ಕರಗಿತೆಂಬುದು ನನ್ನ ತಕರಾರು.

ನನ್ನ ಹೊಟ್ಟೆಕಿಚ್ಚಿಗೆ ಕಾರಣವಿದೆ. ಬೆಳಗಾವಿ ಕಡೆಯ ಕುರಿಗಾಹಿಗಳ ಬಗ್ಗೆ ನಾನೊಮ್ಮೆ ಅರ್ಧ ಪುಟ ಬರೆದಿದ್ದೆ. ರಸ್ತೆ ಬದಿಯ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ರೈತನಿಂದ ಕಾಳು, ಕಾಸು ಪಡೆಯುವ ಕುಟುಂಬ ಅದು. ನಾನು ಅಲ್ಲಿದ್ದದ್ದು ಸಂಜೆಯ ನಲವತ್ತು ನಿಮಿಷ. ಹೇರುಗುದುರೆಯ ಮೇಲಿಂದ ಮರಿಗಳನ್ನು ಇಳಿಸುತ್ತಿದ್ದ ಅವ್ವ, ‘ಕೂಡ್ರಿ ಸರ, ರೊಟ್ಟಿ ತಟ್ತೀನಿ, ಉಂಡು ಹೋಗ್ರಿ’ ಅಂದಿದ್ದಳು. ಕಚೇರಿಯ ಜೀಪು ಹಾರ್ನ್ ಹೊಡೆಯುತ್ತಿತ್ತು. ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹತ್ತಿದೆ.