ದ್ವೀಪದ ಕಂದಾಯ ಕಟ್ಟಿದ್ದು ಯಾರು?

ಜಮೀನಿನ ತಕರಾರು ಬಂದರೆ ತೀರ್ಥಹಳ್ಳಿ ಕಡೆಯ ಹಿರಿಯರು ಮೊದಲು ಕೇಳುವುದು: "ಕಂದಾಯ ಕಟ್ಟಿದ್ದು ಯಾರು? ಬೇಲಿ ಹಾಕುವಾಗ ಪಕ್ಕದವ ಏನಂದ?" ದ್ವೀಪಕ್ಕಾಗಿ ಎರಡು ದೇಶ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗಲೂ ಎಷ್ಟೋ ಸಲ ತಕ್ಕಡಿ ವಾಲುವುದು ಇಲ್ಲೇ. ಟೀವಿ ಚರ್ಚೆಯಲ್ಲಿ ಬೀಸುವ ಹಳೇ ನಕಾಶೆ ಒಪ್ಪಂದಕ್ಕೆ ಲಗತ್ತಾಗಿದ್ದರೆ ಸರಿ. ಇಲ್ಲದಿದ್ದರೆ ಪೂರಕ ಕಾಗದ ಅಷ್ಟೆ.

ಬೋರ್ನಿಯೋ ಪಕ್ಕದ ಲಿಗಿಟಾನ್, ಸಿಪಾದಾನ್ ಎಂಬ ಪುಟ್ಟ ದ್ವೀಪಗಳಿಗಾಗಿ ಇಂಡೋನೇಷ್ಯಾ, ಮಲೇಷ್ಯಾ ನಡೆಸಿದ ವ್ಯಾಜ್ಯ ನೋಡಿ. 1891ರ ಬ್ರಿಟಿಷ್-ಡಚ್ ಒಪ್ಪಂದದ ಗಡಿರೇಖೆ ಸಮುದ್ರದಲ್ಲೂ ಮುಂದುವರಿಯುತ್ತದೆ ಎಂದು ಇಂಡೋನೇಷ್ಯಾ ವಾದಿಸಿತು. ರೇಖೆ ಸೆಬಾಟಿಕ್ ದ್ವೀಪದ ಪೂರ್ವ ದಂಡೆಗೇ ನಿಂತಿದೆ ಎಂದಿತು ನ್ಯಾಯಾಲಯ. ಮಲೇಷ್ಯಾದ ಮೂಲಪತ್ರವೂ ನಿಲ್ಲಲಿಲ್ಲ. ಆಮೇಲೆ ಉಳಿದದ್ದು ಸ್ವಾಧೀನಾನುಭವದ ಲೆಕ್ಕ. ಆಮೆ ಮೊಟ್ಟೆ ಹೆಕ್ಕುವುದನ್ನು ಹತೋಟಿಗೆ ತಂದ ಮಲೇಷ್ಯಾಕ್ಕೂ ಮೊದಲಿದ್ದ ಬ್ರಿಟಿಷ್ ಆಡಳಿತದ 1917ರ ಕಾನೂನು, 1933ರಲ್ಲಿ ಸಿಪಾದಾನನ್ನು ಪಕ್ಷಿಧಾಮ ಮಾಡಿದ ಆದೇಶ, 1962-63ರ ದೀಪಸ್ತಂಭಗಳು: ಮಲೇಷ್ಯಾ ತಂದದ್ದು ಇಷ್ಟು. ನಮ್ಮ ಮೀನುಗಾರರು ಅಲ್ಲಿಗೆ ಹೋಗುತ್ತಿದ್ದರು ಎಂದಿತು ಇಂಡೋನೇಷ್ಯಾ; ಸರ್ಕಾರದ ಹುಕುಂ ಇಲ್ಲದೆ ಖಾಸಗಿಯವರು ಮಾಡಿದ್ದು ಜಮೆಯಾಗಲಿಲ್ಲ. 2002ರಲ್ಲಿ 16-1ರಿಂದ ಮಲೇಷ್ಯಾಕ್ಕೆ ಜಯ. ಮೊಟ್ಟೆಯ ಕಡತವನ್ನು ಜೋಪಾನ ಮಾಡಿಟ್ಟ ಗುಮಾಸ್ತನಿಗೆ ಕೈಮುಗಿಯಬೇಕು.

ಈ ಲೆಕ್ಕಕ್ಕೂ ಬಗರ್‌ಹುಕುಂ ಅರ್ಜಿಯ ಹಾಗೆ ಕಟ್‌ಆಫ್ ದಿನಾಂಕ ಇದೆ, ತಕರಾರು ಗಟ್ಟಿಯಾದ ದಿನ. ಈ ಕೇಸಿನಲ್ಲಿ ಅದು 1969. ಅದಾದ ಮೇಲೆ ಕಟ್ಟಿದ ರೆಸಾರ್ಟು, ನೆಟ್ಟ ಬಾವುಟ ಎಲ್ಲ ಕೇಸು ಬಿದ್ದ ಮೇಲೆ ರಾತ್ರೋರಾತ್ರಿ ನೆಟ್ಟ ಅಡಿಕೆ ಸಸಿಯಂತೆ. ಮೊದಲಿಂದ ನಡೆಯುತ್ತಿದ್ದ ಕೆಲಸ ಸಹಜವಾಗಿ ಮುಂದುವರಿದಿದ್ದರೆ ಮಾತ್ರ ಪರಿಗಣನೆ.

ಸುಮ್ಮನಿದ್ದವರು ಕಳೆದುಕೊಂಡದ್ದಕ್ಕೆ ಮಲೇಷ್ಯಾ, ಸಿಂಗಾಪುರ ಕಿತ್ತಾಡಿದ ಪೆದ್ರಾ ಬ್ರಾಂಕಾ ಸಾಕ್ಷಿ. ಇಳಿತದಲ್ಲೂ ಎರಡು ಎಕರೆ ಚಿಲ್ಲರೆಯ ಬಂಡೆ. ಮೂಲ ಹಕ್ಕು ಈಗ ಮಲೇಷ್ಯಾದ ರಾಜ್ಯವಾಗಿರುವ ಜೊಹೋರ್‌ನ ಸುಲ್ತಾನರದ್ದೇ ಎಂದು ನ್ಯಾಯಾಲಯ ಒಪ್ಪಿತು. ಆದರೆ 1953ರಲ್ಲಿ ಸಿಂಗಾಪುರ ವಿಚಾರಿಸಿದಾಗ, ಜೊಹೋರ್ ಸರ್ಕಾರ ಅದರ ಒಡೆತನ ಕೇಳುವುದಿಲ್ಲ ಎಂದು ಅಲ್ಲಿನ ಹಂಗಾಮಿ ಕಾರ್ಯದರ್ಶಿ ಬರೆದುಕೊಟ್ಟಿದ್ದರು. ಮುಂದೆ ಸಿಂಗಾಪುರ ಅಲ್ಲಿ ಹಡಗು ಅಪಘಾತಗಳ ತನಿಖೆ ಮಾಡಿತು, ಬಾವುಟ ಹಾರಿಸಿತು, ಮಲೇಷ್ಯಾದ ಅಧಿಕಾರಿಗಳಿಗೇ ಪರವಾನಗಿ ತರಲು ಹೇಳಿತು. ಆಕ್ಷೇಪದ ಒಂದು ಚೀಟಿಯೂ ಹೋಗಲಿಲ್ಲ. 2008ರಲ್ಲಿ 12-4ರಿಂದ ಬಂಡೆ ಸಿಂಗಾಪುರದ ಪಾಲಾಯಿತು.

ಅದೇ ತೀರ್ಪಿನಲ್ಲಿ ಇಳಿತದಲ್ಲಷ್ಟೇ ಕಾಣುವ ಸೌತ್ ಲೆಡ್ಜ್ ಎಂಬ ಬಂಡೆಯೂ ಇತ್ತು. ಲಿಂಗನಮಕ್ಕಿ ಹಿನ್ನೀರಲ್ಲಿ ಬೇಸಿಗೆಗೆ ತಲೆ ಎತ್ತಿ ಮಳೆಗಾಲಕ್ಕೆ ಮುಳುಗುವ ದಿಬ್ಬಗಳಿವೆಯಲ್ಲ, ಹಾಗೆ. ಅಲ್ಲಿ ಅದು ದಿನದಿನದ ಆಟ. ಇಂಥದ್ದಕ್ಕೆ ಬೇರೆ ಖಾತೆ ಇಲ್ಲ, ಯಾರ ಪ್ರಾದೇಶಿಕ ಜಲದಲ್ಲಿದೆಯೋ (ಅಂದರೆ ದಡದಾಚೆ ಆ ದೇಶದ್ದೇ ಆದ ಸಮುದ್ರಪಟ್ಟಿ) ಅವರದ್ದು.

ಇಷ್ಟು ಓದಿದವರು ಭಾರತ-ಶ್ರೀಲಂಕಾ ನಡುವಿನ ಪುಟ್ಟ ದ್ವೀಪ ಕಚ್ಚತೀವು ಬಗ್ಗೆ ಕೇಳದೆ ಬಿಡುವುದಿಲ್ಲ. ಅಲ್ಲಿ 1974ರ ಭಾರತ-ಶ್ರೀಲಂಕಾ ಒಪ್ಪಂದವೇ ಗಡಿ ಎಳೆದು ದ್ವೀಪವನ್ನು ಶ್ರೀಲಂಕಾ ಕಡೆಗೆ ಬಿಟ್ಟಿದೆ. ದ್ವೀಪ ತಮ್ಮದೆನ್ನುವ ರಾಮನಾಡು (ತಮಿಳುನಾಡಿನ ರಾಮನಾಥಪುರ) ಜಮೀನ್ದಾರಿಯ ಹಳೇ ಕಾಗದಕ್ಕೆ ಈಗ ಅದರ ಮುಂದೆ ಬಲ ಕಡಿಮೆ. ಹೇಗ್ ದಾರಿಯೂ ಸಲೀಸಿಲ್ಲ: ಶ್ರೀಲಂಕಾದಂಥ ಕಾಮನ್‌ವೆಲ್ತ್ ದೇಶಗಳ ಜೊತೆಗಿನ ವ್ಯಾಜ್ಯವನ್ನು ಆ ನ್ಯಾಯಾಲಯದ ಕಡ್ಡಾಯ ವ್ಯಾಪ್ತಿಯಿಂದ ಹೊರಗಿಟ್ಟು ಭಾರತವೇ ಅದೇ 1974ರಲ್ಲಿ ಘೋಷಣೆ ಕೊಟ್ಟಿತ್ತು; 2019ರ ಹೊಸ ಘೋಷಣೆಯಲ್ಲೂ ಅದನ್ನು ಉಳಿಸಿಕೊಂಡಿದೆ.