ಚೆಫಾಲುವಿಗೆ ಒಬ್ಬರೇ ಹೊರಟವರು ಎರಡು ರಾತ್ರಿ ಉಳಿಯಿರಿ

ಇಟಲಿಯ ಸಿಸಿಲಿ ದ್ವೀಪಕ್ಕೆ ಒಬ್ಬಳೇ ಹೋಗ್ತೀನಿ ಅಂದಾಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಮಾಫಿಯಾ. ಅಲ್ಲಿ ನನಗೆ ನಿಜವಾಗಿ ಕಾಟ ಕೊಟ್ಟದ್ದು ನನ್ನದೇ ಸೂಟ್‌ಕೇಸು. ಚೆಫಾಲು ಆ ದ್ವೀಪದ ಕಡಲತಡಿಯ ಪುಟ್ಟ ಊರು, ಅದರ ಹಳೇ ಭಾಗದ ಓಣಿಗಳಿಗೆ ಹಾಸಿರುವುದು ಉರುಟು ಕಲ್ಲು. ರೈಲು ನಿಲ್ದಾಣದಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ, ಅಷ್ಟರಲ್ಲೇ ಒಂದು ಚಕ್ರ ಕಿತ್ತುಬಂತು. ಗಂಟೆ ಮಧ್ಯಾಹ್ನ ಒಂದೂವರೆ, ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ನನ್ನ ಕೋಣೆಯ ಬೀಗದ ಕೈ ಸಿಗುವುದು ಮೂರು ಗಂಟೆಗೆ. ಚರ್ಚಿನ ಮೆಟ್ಟಿಲ ಮೇಲೆ ಸೂಟ್‌ಕೇಸಿಗೆ ಒರಗಿ ಕೂತೆ. ಹಾಗಾಗಿ ಮೊದಲ ಸಲಹೆ ಇಷ್ಟೇ: ಬೆನ್ನಿಗೆ ಹಾಕುವ ಚೀಲ ತನ್ನಿ, ಮತ್ತು ಒಂದರಿಂದ ನಾಲ್ಕರವರೆಗೆ ಊರು ಮಲಗುತ್ತದೆ ಅನ್ನುವುದನ್ನು ಮರೆಯಬೇಡಿ.

ತಲುಪುವ ಬಗೆ ಬೇಗ ಹೇಳಿಬಿಡುತ್ತೇನೆ. ಬೇಕಾದದ್ದು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಪರವಾನಗಿ), ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ. ಬೆಂಗಳೂರಿನಿಂದ ರೋಮ್, ಅಲ್ಲಿಂದ ಸಿಸಿಲಿಯ ರಾಜಧಾನಿ ಪಲೆರ್ಮೊಗೆ ವಿಮಾನ. ಪಲೆರ್ಮೊ ಚೆಂತ್ರಾಲೆ ನಿಲ್ದಾಣದಿಂದ ಚೆಫಾಲು ರೈಲಿನಲ್ಲಿ ಒಂದು ಗಂಟೆಯ ಹಾದಿ. ಎಡಗಡೆಯ ಕಿಟಕಿ ಹಿಡಿಯಿರಿ, ಸಮುದ್ರ ಆ ಬದಿಗಿದೆ. ಕಾಗದದ ಟಿಕೆಟ್ ಕೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಬೀಳುತ್ತದೆ.

ಹೆಚ್ಚಿನವರು ಬೆಳಿಗ್ಗೆ ಪಲೆರ್ಮೊದಿಂದ ಬಂದು ಸಂಜೆ ವಾಪಸಾಗುತ್ತಾರೆ. ಹಾಗೆ ಮಾಡಬೇಡಿ. ಹನ್ನೊಂದರಿಂದ ಐದರವರೆಗೆ ಕಾಣುವುದು ಫ್ರಿಜ್ ಮ್ಯಾಗ್ನೆಟ್ಟಿನ ಸಂತೆ. ಸಂಜೆಯ ರೈಲು ಜನರನ್ನು ತುಂಬಿಕೊಂಡು ಹೋದ ಮೇಲೆ ಮನೆಗಳಿಂದ ಕುರ್ಚಿಗಳು ಓಣಿಗೆ ಬರುತ್ತವೆ, ಊರಿನವರು ಮಾತಿಗೆ ಕೂರುತ್ತಾರೆ. ನಾನು ಹೋದದ್ದು ಜೂನ್ ಮೊದಲ ವಾರ, ಎಂಟು ಗಂಟೆ ದಾಟಿದರೂ ಬೆಳಕು. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಬಾಡಿಗೆಯೂ ಜಾಸ್ತಿ. ಆದರೂ ಹೋಗಲೇಬೇಕೆಂದರೆ ಆಗಸ್ಟ್ 6ಕ್ಕೆ ಮುಗಿಯುವ ಸಾನ್ ಸಲ್ವಾತೋರೆ ಹಬ್ಬಕ್ಕೆ ಹೋಗಿ. ಸಮುದ್ರದ ಮೇಲೆ ಅಡ್ಡ ಚಾಚಿದ, ಜಾರುವಂತೆ ಸವರಿದ ಮರದ ದಿಮ್ಮಿಯ ಮೇಲೆ ಹುಡುಗರು ನಡೆದು ತುದಿಯ ಬಾವುಟ ಕೀಳಬೇಕಂತೆ. ನಮ್ಮ ಕೃಷ್ಣಾಷ್ಟಮಿಯ ಜಾರುಕಂಬವನ್ನು ಅಡ್ಡ ಮಲಗಿಸಿದ ಹಾಗೆ. ಬಿದ್ದರೆ ನೀರಿಗೆ.

ಒಂಟಿಯಾಗಿ ನಡೆಯುವವರಿಗೆ ಈ ಊರು ಹೇಳಿ ಮಾಡಿಸಿದ್ದು, ದಾರಿ ತಪ್ಪಲು ಇಲ್ಲಿ ಜಾಗವೇ ಇಲ್ಲ. ಒಂದು ಕಡೆ 270 ಮೀಟರ್ ಎತ್ತರದ ಬಂಡೆ, ಇನ್ನೊಂದು ಕಡೆ ಕಡಲು, ನಡುವೆ ಸಿಕ್ಕಿಕೊಂಡ ಊರು. ಮುಖ್ಯ ಬೀದಿ ಕೋರ್ಸೊ ರುಜ್ಜೇರೊ. ಅದರಿಂದ ಇಳಿಯುವ ಓಣಿಗಳೆಲ್ಲ ಸಮುದ್ರದ ಪಕ್ಕದ ವಿಯಾ ವಿತ್ತೋರಿಯೊ ಎಮಾನುಯೆಲೆಗೆ ಸೇರುತ್ತವೆ. ಇಳಿಜಾರಾದರೆ ಕಡಲು, ಏರಾದರೆ ಬಂಡೆ. ಎರಡನೇ ದಿನ ನಾನು ಫೋನನ್ನು ಚೀಲದಿಂದ ತೆಗೆಯಲೇ ಇಲ್ಲ.

ಆ ಬಂಡೆಗೆ ಲಾ ರೊಕ್ಕಾ ಎಂದು ಹೆಸರು. ಗೇಟು ತೆಗೆಯುತ್ತಲೇ ಹತ್ತಿ, ಬಿಸಿಲೇರಿದರೆ ಅಲ್ಲಿ ನೆರಳು ಕಡಿಮೆ. ಟಿಕೆಟ್ ಇದೆ, ಮಳೆ ಬಂದರೆ ಮುಚ್ಚುತ್ತಾರೆ. ಸುಣ್ಣಕಲ್ಲು ಕಾಲು ತಗುಲಿ ತಗುಲಿ ನುಣುಪಾಗಿದೆ, ಚಪ್ಪಲಿಯಲ್ಲಿ ಆಗದು, ಹಿಡಿತವಿರುವ ಶೂ ಬೇಕು. ನೀರು ಕೆಳಗಿನಿಂದಲೇ ಒಯ್ಯಿರಿ. ಅರ್ಧ ದಾರಿಯಲ್ಲಿ ದಿಯಾನಾ ಗುಡಿ ಎನ್ನುವ, ಭಾರಿ ಕಲ್ಲುಗಳನ್ನು ಜೋಡಿಸಿದ ಪುರಾತನ ಕಟ್ಟಡ. ತುದಿಯಲ್ಲಿ ಕೋಟೆಯ ಅವಶೇಷ. ಮೊಣಕಾಲು ಹಟ ಹಿಡಿದರೆ ಗುಡಿಯವರೆಗೆ ಸಾಕು, ಸ್ವಲ್ಪ ಆಚೆಯ ಗೋಡೆಯಿಂದಲೇ ಹೆಂಚಿನ ಸೂರುಗಳೂ ಚರ್ಚಿನ ಜೋಡಿ ಗೋಪುರಗಳೂ ಕಾಲಡಿಗೆ ಕಾಣುತ್ತವೆ.

ಚರ್ಚು ಕಟ್ಟಲು ಶುರು ಮಾಡಿದ್ದು ಆಗ ಸಿಸಿಲಿಯನ್ನು ಆಳುತ್ತಿದ್ದ ನಾರ್ಮನ್ ವಂಶದ ದೊರೆ ಎರಡನೇ ರುಜ್ಜೇರೊ, 1131ರಲ್ಲಿ. ಬಿರುಗಾಳಿಯಲ್ಲಿ ಸಿಕ್ಕವನು ಬದುಕಿ ದಡ ಸೇರಿ ಹರಕೆ ತೀರಿಸಿದ ಎನ್ನುವುದು ಊರಿನವರ ಕತೆ. ಒಳಗೆ ಗರ್ಭಗುಡಿಯಂಥ ಕಮಾನಿನಲ್ಲಿ, ಬಂಗಾರದ ಹರಳುಗಳ ನಡುವೆ, ಕ್ರಿಸ್ತನ ದೊಡ್ಡ ಮೊಸಾಯಿಕ್. 1148ರ ಕೆಲಸ. ಕೈಯಲ್ಲಿ ತೆರೆದ ಪುಸ್ತಕ, ಒಂದು ಪುಟದಲ್ಲಿ ಗ್ರೀಕ್, ಎದುರು ಪುಟದಲ್ಲಿ ಲ್ಯಾಟಿನ್. ಇದೇ ದೊರೆಯ ಆಸ್ಥಾನದಲ್ಲಿ ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಜ್ಞ ಪ್ರಪಂಚದ ನಕಾಶೆ ಬರೆದ. ತನ್ನ ಸಮಾಧಿ ಇಲ್ಲೇ ಆಗಲಿ ಎಂದು ರುಜ್ಜೇರೊ ಕಲ್ಲಿನ ಪೆಟ್ಟಿಗೆಗಳನ್ನೂ ತರಿಸಿಟ್ಟಿದ್ದ. ಆದರೆ ಹೂತದ್ದು ಪಲೆರ್ಮೊದಲ್ಲಿ, ಮುಂದೆ ಪೆಟ್ಟಿಗೆಗಳನ್ನೂ ಅಲ್ಲಿಗೇ ಸಾಗಿಸಿದರು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ನನ್ನ ಹತ್ತಿ ದುಪಟ್ಟಾ ಮೂರು ದಿನವೂ ಕೆಲಸಕ್ಕೆ ಬಂತು.

ಹತ್ತಿರದ ಮಾಂದ್ರಾಲಿಸ್ಕಾ ಮ್ಯೂಸಿಯಂ ಚಿಕ್ಕದು, ಬಿಡಬೇಡಿ. ಎಲ್ಲರೂ ಹೋಗುವುದು ಆಂತೊನೆಲ್ಲೊ ದಾ ಮೆಸ್ಸಿನಾ ಬರೆದ, ತುಟಿಯಂಚಿನಲ್ಲಿ ನಗುವ ಗಂಡಸಿನ ಚಿತ್ರ ನೋಡಲು. ನಾನು ನಿಂತುಬಿಟ್ಟದ್ದು ಕ್ರಿಸ್ತಪೂರ್ವ 4ನೇ ಶತಮಾನದ ಒಂದು ಮಡಕೆಯ ಮುಂದೆ. ಅದರ ಮೇಲೆ ಮೀನು ಮಾರುವವನು ಕತ್ತಿ ಹಿಡಿದು ಟ್ಯೂನಾ ಕಡಿಯುತ್ತಿದ್ದಾನೆ, ಎದುರಿನವನ ಕೈಯಲ್ಲಿ ಒಂದು ನಾಣ್ಯ, ಇಬ್ಬರ ಮುಖದಲ್ಲೂ ಚೌಕಾಸಿ. ಆ ನಾಣ್ಯಕ್ಕೆ ಅಷ್ಟು ದೊಡ್ಡ ತುಂಡು ಸಿಗಲಾರದು ಅಂತ ನನಗೂ ಅನ್ನಿಸಿತು.

ಅಲ್ಲಿಂದ ಇಳಿದರೆ ಲವತೊಯೊ, ಅಂದರೆ ಹಳೇ ಕಾಲದ ಬಟ್ಟೆ ಒಗೆಯುವ ಕಟ್ಟೆ. ಓಣಿಯಿಂದ ಕಪ್ಪು ಲಾವಾ ಕಲ್ಲಿನ ಮೆಟ್ಟಿಲುಗಳು ಬಳಸಿಕೊಂಡು ಕೆಳಗಿಳಿಯುತ್ತವೆ. ಗೋಡೆಯಲ್ಲಿ 22 ಕಬ್ಬಿಣದ ಬಾಯಿಗಳು, ಕೆಲವಕ್ಕೆ ಸಿಂಹದ ಮುಖ, ಚೆಫಾಲಿನೊ ಎಂಬ ಹೊಳೆಯ ನೀರು ಅವುಗಳಿಂದ ತೊಟ್ಟಿಗಳಿಗೆ ಸುರಿಯುತ್ತದೆ. ತೊಟ್ಟಿಯಂಚಿನಲ್ಲಿ ಇಳಿಜಾರಾದ ಕಲ್ಲುಗಳು. ಒಂದರ ಮೇಲೆ ಅಂಗೈ ಆಡಿಸಿದೆ, ತಲೆಮಾರುಗಳ ಬಟ್ಟೆ ತಿಕ್ಕಾಟಕ್ಕೆ ನಡುವೆ ಸವೆದು ತಗ್ಗಾಗಿತ್ತು. ಅಜ್ಜಿ ಮನೆ ಹಿತ್ತಲಿನ ಒಗೆಯುವ ಕಲ್ಲೂ ಹೀಗೇ ಇತ್ತು, ಅದೇ ತಗ್ಗು, ಅದೇ ನುಣುಪು. ಹೊರಗೆ ಸುಡು ಬಿಸಿಲು, ಇಲ್ಲಿ ನೀರಿಗೆ ಕೈಯಿಟ್ಟರೆ ಜುಮ್ಮೆನ್ನುತ್ತದೆ. ಮಧ್ಯಾಹ್ನ ಊರು ಮಲಗಿದ ಹೊತ್ತಿಗೆ ಬಂದರೆ ಜನ ಇರುವುದಿಲ್ಲ. ಸಂಜೆಗೆ ಅದೇ ಬೀದಿಯ ಪೋರ್ತಾ ಪೆಸ್ಕಾರಾ ಬಾಗಿಲಿಂದ ದಡಕ್ಕಿಳಿದು ಹಳೇ ಬಂದರಿನ ಕಟ್ಟೆಯ ಮೇಲೆ ಕೂರಿ.

ಊಟದ ವಿಷಯ. ನಾನು ಸಸ್ಯಾಹಾರಿ, ಹಸಿದಿರಲಿಲ್ಲ. ಬದನೆಕಾಯಿ, ಟೊಮೆಟೊ ಹಾಕಿದ ಪಾಸ್ತಾ ಅಲ್ಲಾ ನೋರ್ಮಾ, ಹುಳಿಸಿಹಿ ಬದನೆಯ ಕಪೊನಾತಾ ಎಲ್ಲ ಕಡೆ ಸಿಗುತ್ತವೆ. ಪಲೆರ್ಮೊದಲ್ಲಿ ಪನೆಲ್ಲೆ ತಿನ್ನಿ, ಕಡಲೆಹಿಟ್ಟನ್ನು ಕಾಯಿಸಿ ಬಿಲ್ಲೆ ಮಾಡಿ ಕರಿದದ್ದು, ನಮ್ಮ ನಾಲಿಗೆಗೆ ಪರಿಚಯ ಬೇಕಿಲ್ಲ. 'ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ' (ಮಾಂಸ ಬೇಡ, ಮೀನು ಬೇಡ) ಅಂದ ಮೇಲೂ 'ಅಚ್ಚೂಗೆ' ಇದೆಯಾ ಅಂತ ಕೇಳಿ. ಅದು ಸಾರಿನಲ್ಲಿ ಕರಗಿಹೋಗುವ ಪುಟ್ಟ ಮೀನು, ಅವರ ಲೆಕ್ಕದಲ್ಲಿ ಮೀನೇ ಅಲ್ಲ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಎರಡು ಮೂರು ಯೂರೊ ಸೇರಿದ್ದರೆ ಜಗಳಕ್ಕೆ ನಿಲ್ಲಬೇಡಿ, ಅದು ಅಲ್ಲಿನ ಪದ್ಧತಿ. ಒಬ್ಬರೇ ಎಂದರೆ ರಾತ್ರಿ ಎಂಟೂವರೆಗೆ ಮೇಜು ಕೊಡಲು ಗೊಣಗಬಹುದು, ಏಳೂವರೆಗೆ ಹೋದರೆ ಖುಷಿಯಿಂದ ಕೊಡುತ್ತಾರೆ. ಬೆಳಗಿನ ತಿಂಡಿಗೆ ಗ್ರಾನೀತಾ, ಅಂದರೆ ಹಣ್ಣಿನ ರಸದ ಹಿಮ, ಜೊತೆಗೆ ಬ್ರಿಯೋಶ್ ಬನ್ನು. ಹಿಪ್ಪುನೇರಳೆಯದ್ದು ಸಿಕ್ಕರೆ ಬಿಡಬೇಡಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತ ರಾಮನಗರದ ಕಡೆ ಬೆಳೆದ ನನಗೆ ಆ ಹಣ್ಣಿಗೆ ಇಷ್ಟು ಮರ್ಯಾದೆ ಇದೆ ಅಂತ ಗೊತ್ತಿರಲಿಲ್ಲ.

ಕೊನೆಯದಾಗಿ 'ಶೋಪೆರೊ' ಪದ ನೆನಪಿಡಿ, ಮುಷ್ಕರ ಅಂತ. ಹೊರಡುವ ಹಿಂದಿನ ದಿನ ನಿಲ್ದಾಣದ ಫಲಕ ನೋಡಿ. ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಕೆಲವು ರೈಲು ಓಡಲೇಬೇಕು. ನಾನು ಹೊರಟ ಶುಕ್ರವಾರವೇ ಮುಷ್ಕರ. ಬೆಳಗಿನದು ತಪ್ಪಿತು. ಮೂರು ಚಕ್ರದ ಸೂಟ್‌ಕೇಸನ್ನು ಪಕ್ಕಕ್ಕಿಟ್ಟುಕೊಂಡು, ಸಂಜೆಯ ರೈಲಿನವರೆಗೆ ಇನ್ನೆರಡು ಹಿಪ್ಪುನೇರಳೆ ಗ್ರಾನೀತಾ ಮುಗಿಸಿದೆ.