ಸುರಂಗದಾಚೆಯ ಬೆಳ್ಳಿಯೂರು

ಮೆಕ್ಸಿಕೋದ ರಿಯಾಲ್ ದೆ ಕತೋರ್ಸೆ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ಪೂರ್ವದಿಂದ ಬರುವವರು ಗುಡ್ಡ ಕೊರೆದು ಮಾಡಿದ 2.3 ಕಿ.ಮೀ. ಉದ್ದದ ಓಗಾರಿಯೊ ಸುರಂಗ ದಾಟಬೇಕು. ಒಂದು ಸಲಕ್ಕೆ ಒಂದೇ ದಿಕ್ಕಿನ ಗಾಡಿಗಳು. ದೊಡ್ಡ ಬಸ್ಸು ಹಿಡಿಸದು, ಹೊರಗೇ ಇಳಿದು ಚಿಕ್ಕದನ್ನು ಹತ್ತಬೇಕು.

1770ರ ದಶಕದಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿತು. ಅಂದಿನ ಮೆಕ್ಸಿಕೋದಲ್ಲಿ ಬೆಳ್ಳಿ ತೆಗೆಯುತ್ತಿದ್ದದ್ದು ಬೆಂಕಿಗಿಂತ ಹೆಚ್ಚಾಗಿ ಅಂಗಳದಲ್ಲಿ! ಅದಿರನ್ನು ನುಣ್ಣಗೆ ಅರೆದು, ಕೆಸರು ಮಾಡಿ, ಕಲ್ಲುಹಾಸಿನ ಮೇಲೆ ಹರಡಿ, ಉಪ್ಪು, ತಾಮ್ರದ ಸಲ್ಫೇಟ್, ಪಾದರಸ ಬೆರೆಸಿ ಹೇಸರಗತ್ತೆಗಳಿಂದ ವಾರಗಟ್ಟಲೆ ತುಳಿಸುತ್ತಿದ್ದರು. ಸಲ್ಫೇಟ್ ಜಾಸ್ತಿಯಾದರೆ ಕೆಸರಿಗೆ 'ಕಾವು' ಏರಿ ಪಾದರಸ ಹಾಳು. ಆಗ ಸುಣ್ಣ ಹಾಕಿ ತಣಿಸಬೇಕು. ಚಳಿಯಲ್ಲಿ ಇಡೀ ಕೆಲಸವೇ ನಿಧಾನ. ಕೊನೆಗೆ ತೊಳೆದು, ಪಾದರಸಕ್ಕೆ ಅಂಟಿದ ಬೆಳ್ಳಿಯನ್ನು ಬಟ್ಟೆಯಲ್ಲಿ ಹಿಂಡಿ, ಉಳಿದ ಪಾದರಸವನ್ನು ಕಾಯಿಸಿ ಹಾರಿಸುವುದು. ಆ ಹಬೆ ಎಷ್ಟು ಎದೆಗಳಿಗೆ ಇಳಿಯಿತೋ ಎಂದು ನೆನೆದರೆ ಸಂಕಟವಾಗುತ್ತದೆ.

ಸುರಂಗ ತೆರೆದದ್ದು 1901ರಲ್ಲಿ. ಬೆಳ್ಳಿಯ ಬೆಲೆ ಕುಸಿಯಿತು, 1910ರಲ್ಲಿ ಕ್ರಾಂತಿ ಶುರುವಾಯಿತು, ಊರು ಬರಿದಾಯಿತು. ಆದರೆ ಸಂತ ಫ್ರಾನ್ಸಿಸ್‌ನ ಹಬ್ಬಕ್ಕೆ, ಅಕ್ಟೋಬರ್ 4ಕ್ಕೆ, ಈಗಲೂ ಬೀದಿ ತುಂಬಾ ಜನ. ಪಕ್ಕದ ಸೆರ್ರೊ ಕೆಮಾದೊ ಗುಡ್ಡಕ್ಕೆ ವಿಶಾರಿಕಾ ಎಂಬ ಮೂಲನಿವಾಸಿ ಜನ ಇಂದಿಗೂ ಹರಕೆ ಹೊತ್ತು ಬರುತ್ತಾರೆ. ಸೂರ್ಯ ಹುಟ್ಟಿದ್ದು ಅಲ್ಲೇ ಎಂಬುದು ಅವರ ನಂಬಿಕೆ.